ಎದೆನೋವು ಇರಲೇಬೇಕು ಅಂತಿಲ್ಲ
ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ನಿಂತುಹೋಗುವುದು ಗಂಡಸರಲ್ಲಿ ಒಂದು ಥರ, ಹೆಂಗಸರಲ್ಲಿ ಒಂದು ಥರ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ನಮ್ಮಮ್ಮ ವಾರ್ಡಿನಲ್ಲಿದ್ದಾಗ ಎದೆನೋವು ಅನ್ನಲೇ ಇಲ್ಲ. ‘ಯಾಕೋ ಸುಸ್ತು, ಬೆನ್ನು ಹಿಡಿದಂಗಿದೆ’ ಅಂತ ದಿಂಬು ಸರಿಮಾಡಿಕೊಳ್ಳುತ್ತಿದ್ದರು. ಗ್ಯಾಸ್ ಇರಬೇಕು ಅಂತ ನಾವೂ ಸುಮ್ನಿದ್ದೆವು. ರಾತ್ರಿ ಮಾನಿಟರ್ ಕೂಗಿಕೊಂಡಾಗಲೇ ಗೊತ್ತಾಗಿದ್ದು.

ಶಾಕ್ ಕೊಟ್ಟರೆ ಎಲ್ಲರ ಹೃದಯವೂ ಮತ್ತೆ ಹೊಡೆದುಕೊಳ್ಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಹೃದಯ ಅಡ್ಡಾದಿಡ್ಡಿ ನಡುಗುತ್ತಿದ್ದರೆ, ಇಲ್ಲವೇ ವಿಪರೀತ ವೇಗದಲ್ಲಿ ಓಡುತ್ತಿದ್ದರೆ ಮಾತ್ರ ಶಾಕ್ ಉಪಯೋಗ. ಹೆಂಗಸರಲ್ಲಿ ಅಂಥ ಬಡಿತ ಸಿಗುವುದು ಕಡಿಮೆ. ಅಂಥ ಬಡಿತ ಇಲ್ಲದಿದ್ದಾಗ ಎದೆ ಒತ್ತುವುದು, ಔಷಧಿ, ಕಾರಣ ಹುಡುಕುವುದು, ಇಷ್ಟೇ ದಾರಿ. ಹೆಂಗಸು ಅಂತ ಒತ್ತಲು ಹಿಂಜರಿಯಬೇಡಿ. 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ದೊಡ್ಡವರು ಯಾರೇ ಆದರೂ ಲೆಕ್ಕ ಇದೇ.