ಹ್ಯಾಮರ್‌ಹಾರ್ಟ್‌ನ ಮೊದಲ ಹಾಡನ್ನು ಮರೆತು ಕೊನೆಯದನ್ನು ಕೇಳಬೇಡಿ

ವೈಕಿಂಗ್ ಮೆಟಲ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಕಡಲ ದಾಳಿಕೋರರ ಕಥೆ ಹೇಳುವ ಹೆವಿ ಮೆಟಲ್ ಸಂಗೀತ, ಅಂದ ಕೂಡಲೇ ಅನೇಕರಿಗೆ ನೆನಪಾಗುವುದು ಕೊಂಬಿನ ಶಿರಸ್ತ್ರಾಣ, ಕೊಡಲಿ, ಕುಡಿತದ ಹಾಡು. (ನಿಜವಾದ ವೈಕಿಂಗರು ಕೊಂಬಿನ ಶಿರಸ್ತ್ರಾಣ ಹಾಕುತ್ತಿರಲಿಲ್ಲ. ಆ ಕಲ್ಪನೆ ಹರಡಿದ್ದು 19ನೇ ಶತಮಾನದ ಒಪೆರಾ ವೇಷಗಳಿಂದ.) ಅಂಥ ಬ್ಯಾಂಡುಗಳೂ ಇವೆ, ಮಜಾ ಕೊಡುತ್ತವೆ. ಆದರೆ ಈ ಸಂಗೀತಕ್ಕೆ ಪಾಯ ಹಾಕಿದ ಆಲ್ಬಮ್ಮಿನಲ್ಲಿ ಸಂಭ್ರಮಕ್ಕಿಂತ ಸಂಕಟವೇ ಜಾಸ್ತಿ. ಸ್ವೀಡನ್ನಿನ ಬಾತರಿ ಬ್ಯಾಂಡ್ 1990ರಲ್ಲಿ ತಂದ ‘ಹ್ಯಾಮರ್‌ಹಾರ್ಟ್’ ಬಗ್ಗೆ ಹೇಳುತ್ತಿದ್ದೇನೆ.

ಬಾತರಿ ಅಂದರೆ ಕ್ವೋರ್ಥಾನ್. 1983ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬ್ಯಾಂಡ್ ಕಟ್ಟಿದಾಗ ಅವನಿನ್ನೂ ಹದಿಹರೆಯದ ಹುಡುಗ. ಮೊದಲ ಆಲ್ಬಮ್‌ಗಳ ತುಂಬ ಸೈತಾನನ ಮಾತು, ವಿಪರೀತ ವೇಗ, ಗಂಟಲು ಹರಿಯುವ ಕಿರುಚಾಟ. ಮುಂದೆ ಬ್ಲ್ಯಾಕ್ ಮೆಟಲ್ ಎಂಬ ಕರಾಳ ಶೈಲಿಯ ನಾರ್ವೆಯ ಹುಡುಗರು ಹಿಡಿದುಕೊಂಡಿದ್ದು ಅದನ್ನೇ. 1988ರ ‘ಬ್ಲಡ್ ಫೈರ್ ಡೆತ್’ನಲ್ಲಿ ದಾರಿ ತಿರುಗಿತು. ಹ್ಯಾಮರ್‌ಹಾರ್ಟ್ ಹೊತ್ತಿಗೆ ಅವನು ವೇಗವನ್ನು ಬಿಟ್ಟಿದ್ದ, ಕಿರುಚುವುದನ್ನೂ ಬಿಟ್ಟು ಹಾಡತೊಡಗಿದ್ದ. ನಿಧಾನದ ಭಾರೀ ಡ್ರಮ್, ಹಿಂದೆ ಪದರ ಪದರವಾಗಿ ಕೋರಸ್, ಅಲ್ಲಲ್ಲಿ ಅಕೌಸ್ಟಿಕ್ ಗಿಟಾರ್.

ಅವನ ಶ್ರುತಿ ಪಕ್ಕಾ ಅಲ್ಲ. ಮೇಲಿನ ಸ್ವರ ಮುಟ್ಟಲು ಹೋಗಿ ಜಾರುತ್ತಾನೆ. ಇದನ್ನೇ ಹಿಡಿದು ಹೀಗಳೆಯುವವರಿದ್ದಾರೆ. ನನಗಂತೂ ಆ ಜಾರುವ ದನಿ ಬೇಕೇ ಬೇಕು. ತೀರಾ ಸಲೀಸಾಗಿ ಹಾಡುವವರು ಹಾಡಿದ್ದರೆ ಇದು ವೇಷ ಕಟ್ಟಿದಂತೆ ಕೇಳಿಸುತ್ತಿತ್ತು. ಇಲ್ಲಿ ಊರಿನವನೇ ಒಬ್ಬ ಎದ್ದು ನಿಂತು ತನ್ನವರ ಕಥೆ ಹೇಳುತ್ತಿದ್ದಾನೆ ಅನ್ನಿಸುತ್ತದೆ.

ಈಗ ನಾನು ಹೇಳಬೇಕಾದ ಮಾತು. ಮೊದಲ ಹಾಡು ‘ಶೋರ್ಸ್ ಇನ್ ಫ್ಲೇಮ್ಸ್’, 11 ನಿಮಿಷ. ಅಲೆಗಳ ಸದ್ದು, ಮೆಲ್ಲನೆಯ ಗಿಟಾರ್, ಆಮೇಲೆ ಅಬ್ಬರ. ಹಡಗುಗಳು ಹೊರಟಿವೆ, ಬೇರೆಯವರ ದಡಕ್ಕೆ ಬೆಂಕಿ ಇಡಲು.

ಕೊನೆಗೆ ಬರುತ್ತದೆ ‘ಒನ್ ರೋಡ್ ಟು ಅಸಾ ಬೇ’. ಕಾಡು ದಾಟಿ ಒಬ್ಬ ಸವಾರ ಅಸಾ ಕೊಲ್ಲಿಗೆ ಬರುತ್ತಾನೆ, ಕೇಳಿದ ಸುದ್ದಿಯನ್ನು ಕಣ್ಣಾರೆ ನೋಡಲು. ಲೆಕ್ಕವಿಲ್ಲದಷ್ಟು ಸಲ ದಂಡಿನ ಹಡಗುಗಳು ಹೊರಟ ಕೊಲ್ಲಿ ಅದು. ಈಗ ಕಡಲಾಚೆಯಿಂದ ಶಿಲುಬೆ ತೊಟ್ಟವನೊಬ್ಬ ಬಂದಿಳಿದಿದ್ದಾನೆ. ಬಾಯಲ್ಲಿ ಶಾಂತಿಯ ಮಾತು, ಬೆನ್ನಿಗೆ ಕವಚ ತೊಟ್ಟ ಆಳುಗಳು. ಆ ದೇವರಿಗೆ ಊರವರೇ ಮನೆ ಕಟ್ಟಿಕೊಡಬೇಕು. ಬೆಂಕಿಯಂಥ ಗಡ್ಡದ, ಸರದಲ್ಲಿ ಸುತ್ತಿಗೆ (ಹಳೆಯ ದೇವರು ಥಾರ್‌ನ ಗುರುತು) ತೊಟ್ಟ ಒಬ್ಬನು, ಆ ದೇವರು ತನ್ನ ಮನೆ ತಾನೇ ಕಟ್ಟಿಕೊಳ್ಳಲಿ ಎನ್ನುತ್ತಾನೆ. ಅವನನ್ನು ಕೊಲ್ಲುತ್ತಾರೆ. ಮನೆ ಎದ್ದು ನಿಂತಿತಲ್ಲ, ಇನ್ನು ನಮ್ಮನ್ನು ಸುಮ್ನೆ ಬಿಟ್ಟಾರು ಅಂತ ಕೊನೆಗೆ ಒಂದು ಆಸೆ. ಇದು ಬರೀ ಶುರು ಎನ್ನುತ್ತದೆ ಕಾಡಿನ ಕಾಗೆ.

ಚರಿತ್ರೆಯಲ್ಲಿ ಈ ಮತಾಂತರ ನಿಧಾನವಾಗಿ ಆದದ್ದು. ಸ್ವೀಡನ್ನಿನ ದೊರೆ ಉಲೋಫ್ ದೀಕ್ಷಾಸ್ನಾನ ಪಡೆದದ್ದು 1008ರ ಸುಮಾರಿಗೆ ಎನ್ನುತ್ತಾರೆ. 1070ರ ದಶಕದಲ್ಲಿ ಬರೆದ ಜರ್ಮನ್ ಚರಿತ್ರೆಕಾರ, ಬ್ರೆಮೆನ್‌ನ ಆಡಮ್, ಸ್ವೀಡನ್ನಿನ ಉಪ್ಸಾಲಾದಲ್ಲಿ ಥಾರ್, ಓಡಿನ್ ಎಂಬ ಹಳೆಯ ದೇವರುಗಳ ಗುಡಿ ಇನ್ನೂ ಇದೆ ಅಂದಿದ್ದಾನೆ. ಆ ಎಲ್ಲ ವರ್ಷಗಳು ಹಾಡಿನಲ್ಲಿ ಒಂದೇ ಊರಿಗೆ ಬಂದು ಬೀಳುತ್ತವೆ.

ನಡುವೆ ‘ಬ್ಯಾಪ್ಟೈಸ್ಡ್ ಇನ್ ಫೈರ್ ಆಂಡ್ ಐಸ್’ ಇದೆ, ‘ಫಾದರ್ ಟು ಸನ್’ ಇದೆ. ಹಿಮದಲ್ಲಿ ಕಳೆದ ಬಾಲ್ಯ, ಅಪ್ಪ ಮಗನಿಗೆ ಹೇಳುವ ಮಾತು. ಮೊದಲ ಹಾಡಿನ ದಾಳಿಕೋರರು ಹೀಗೆ ನಮಗೆ ಗುರುತಿನ ಜನರಾಗುತ್ತಾರೆ. ಅದಕ್ಕೇ ಕೊನೆಯ ಹಾಡು ಅಷ್ಟು ನೋಯಿಸುವುದು. ವೈಕಿಂಗ್ ಹೆಸರನ್ನು ಜನಾಂಗದ ಜಂಬಕ್ಕೆ ಬಳಸುವವರು ಮೆಟಲ್ ಲೋಕದಲ್ಲೂ ಇದ್ದಾರೆ, ಅಲ್ವಾ? ವೈಕಿಂಗರು ಅನ್ಯಾಯಕ್ಕೊಳಗಾಗುವ ಕೊನೆಯ ಹಾಡನ್ನು ಮಾತ್ರ ಅವರು ಕೇಳಿಸಿಕೊಳ್ಳುತ್ತಾರೆ. ಆದರೆ ಕ್ವೋರ್ಥಾನ್ ಬೆಂಕಿ ಇಟ್ಟವರಿಂದಲೇ ಕಥೆ ಶುರು ಮಾಡಿದ್ದಾನೆ.

ನಾರ್ವೆಯ ಎನ್‌ಸ್ಲೇವ್ಡ್, ಫಿನ್‌ಲ್ಯಾಂಡಿನ ಮೂನ್‌ಸಾರೋ ಬ್ಯಾಂಡುಗಳೆಲ್ಲ ಈ ದಾರಿಯಲ್ಲಿ ನಡೆದವರೇ. ಮೂನ್‌ಸಾರೋ ಹಾಡುಗಳಲ್ಲಿ ನಮ್ಮ ಕಛೇರಿಯ ಮೋರ್ಸಿಂಗ್‌ನದೇ ಜಾತಿಯ ವಾದ್ಯ ಕೇಳಿಸುತ್ತದೆ, ಗಮನಿಸಿ. ಕ್ವೋರ್ಥಾನ್ 2004ರಲ್ಲಿ ತೀರಿಕೊಂಡ, 38ನೇ ವಯಸ್ಸಿಗೆ. ಈ ಹಾಡುಗಳಿಗಾಗಿ ಊರೂರು ಟೂರ್ ಮಾಡಲೇ ಇಲ್ಲ. ಉಳಿದಿರುವುದು ರೆಕಾರ್ಡಿಂಗ್ ಮಾತ್ರ.

ಕೇಳುವುದಾದರೆ ದಯವಿಟ್ಟು ಶಫಲ್ ಆಫ್ ಮಾಡಿ. ಒಂದು ಗಂಟೆಯೂ ಬೇಕಾಗಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೇಳಿ. ಆಮೇಲೆ ಇಲ್ಲೇ ಬಂದು ಜಗಳ ಆಡಿ.