ಸಿಸೇರಿಯನ್ ಆದ ಮೇಲಿನ ಮಾತ್ರೆ, ಆಗುವ ಮೊದಲಿನ ಇಂಜೆಕ್ಷನ್

ನಮ್ಮ ಹಾಸನದ ಕಡೆ ಸಿಸೇರಿಯನ್ ಆದ ಬಾಣಂತಿಯನ್ನು ನೋಡಲು ಬಂದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಅಂತ. ಆಮೇಲೆ, "ಒಳ್ಳೆ ಪವರ್ ಇರೋ ಆಂಟಿಬಯೋಟಿಕ್ ಬರೆದಿದ್ದಾರಾ?" ವಾರಕ್ಕಾಗುವಷ್ಟು ಮಾತ್ರೆ ಬರೆಯದ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತಲೇ ತೀರ್ಮಾನ. ನನ್ನ ಪ್ರಕಾರ ಈ ಲೆಕ್ಕವೇ ಉಲ್ಟಾ.

ನಂಜು, ಅಂದರೆ ಸೋಂಕು, ತಡೆಯುವ ಆಂಟಿಬಯೋಟಿಕ್‌ನ ಮುಖ್ಯ ಡೋಸ್ ಆಪರೇಷನ್‌ಗಿಂತ ಮೊದಲೇ ಬಿದ್ದಿರಬೇಕು. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ನರಕ್ಕೆ ಒಂದೇ ಇಂಜೆಕ್ಷನ್, ಸಾಮಾನ್ಯವಾಗಿ ಸೆಫಜೋಲಿನ್. ಬ್ಲೇಡ್ ತಾಗುವ ಹೊತ್ತಿಗೆ ಔಷಧಿ ಅಲ್ಲಿಗೆ ತಲುಪಿರಬೇಕು, ಅಷ್ಟೇ. ನಂಜಿಲ್ಲದವರಿಗೆ ಆಮೇಲೆ ವಾರದ ಮಾತ್ರೆ ಸಾಮಾನ್ಯವಾಗಿ ಬೇಕಿಲ್ಲ. ಹಿಂದೆ ಮಗುವಿಗೆ ಔಷಧಿ ಹೋಗಬಾರದು ಅಂತ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಿದ ಮೇಲೆ ಕೊಡುತ್ತಿದ್ದರು. ಮೊದಲೇ ಕೊಟ್ಟರೆ ತಾಯಿಗೆ ನಂಜಾಗುವುದು ಇನ್ನೂ ಕಮ್ಮಿ, ಮಗುವಿಗೆ ತೊಂದರೆಯೇನೂ ಹೆಚ್ಚುವುದಿಲ್ಲ ಅಂತ ಅಧ್ಯಯನಗಳಲ್ಲಿ ಕಂಡಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ.

ಹೆರಿಗೆ ನೋವು ಶುರುವಾಗಿಯೋ ನೀರು ಹೋಗಿಯೋ ಆಮೇಲೆ ಸಿಸೇರಿಯನ್ ಆದವರಿಗೆ ಅಪಾಯ ಜಾಸ್ತಿ. ಇಂಥವರಿಗೆ ಮಾಮೂಲಿ ಇಂಜೆಕ್ಷನ್ ಜೊತೆ ಅಜಿತ್ರೋಮೈಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಕೂಡ ಕೊಟ್ಟು ನೋಡಿದರು ಅಮೆರಿಕದಲ್ಲಿ. 2016ರಲ್ಲಿ ಫಲಿತಾಂಶ ಬಂತು: ನಂಜಾದವರು ನೂರಕ್ಕೆ 12 ಇದ್ದದ್ದು 6ಕ್ಕೆ ಇಳಿದಿತ್ತು.

ಇದೆಲ್ಲ ನಾಲ್ಕು ಜನರಿಗಷ್ಟೇ ಸಂಬಂಧಪಟ್ಟ ಮಾತಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಅಷ್ಟೂ ಮನೆಗೆ ಬೇಡದ ಮಾತ್ರೆ ಹೋದರೆ, ಕ್ರಿಮಿಗಳು ಅದಕ್ಕೆ ಒಗ್ಗಿಕೊಂಡು, ನಾಳೆ ನಿಜವಾಗಿ ಬೇಕಾದಾಗ ಅದೇ ಮಾತ್ರೆ ಕೆಲಸ ಮಾಡದೇ ಹೋಗಬಹುದು. ಡಾಕ್ಟರುಗಳನ್ನೇ ಬೈದು ಪ್ರಯೋಜನವಿಲ್ಲ. ನೆಂಟರೆಲ್ಲ ಕೈ ತೊಳೆಯದೆ ಬಂದು ಮಂಚದ ಮೇಲೆ ಕೂರುವ ವಾರ್ಡಿನಲ್ಲಿ ಅವರಿಗೂ ಭಯ ಇರುತ್ತದೆ, ಅಲ್ವಾ?

ಹಾಗಂತ ಬರೆದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಜ್ವರ ಬಂದವರಿಗೆ, ಆಗಲೇ ನಂಜಾದವರಿಗೆ ಕೊಡುವ ಚಿಕಿತ್ಸೆ ಬೇರೆ. ಯಾಕೆ ಕೊಟ್ಟಿರಿ, ಎಷ್ಟು ದಿನ, ಆಪರೇಷನ್‌ಗೆ ಮೊದಲು ಇಂಜೆಕ್ಷನ್ ಆಗಿತ್ತಾ ಅಂತ ಕೇಳಿ. ಕೇಳಿದರೆ ಸಿಟ್ಟು ಮಾಡಿಕೊಳ್ಳುವವರೂ ಇದ್ದಾರೆ, ಇರಲಿ.

ಇನ್ನು ಬಾಣಂತನ ಮಾಡುವ ಅಮ್ಮಂದಿರಿಗೆ. ಬದನೆಕಾಯಿ ನಂಜು ಅಂತ ಬಿಡಿಸುತ್ತೀರಿ, ಬಿಡಿಸಿ. ಆದರೆ ಹೊಲಿಗೆಯನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಿ. ಸಕಲೇಶಪುರದ ಮಳೆಯಲ್ಲಿ ಸರಿಯಾಗಿ ಒಣಗದ ಬಟ್ಟೆಯನ್ನು ಹೊಟ್ಟೆಗೆ ಬಿಗಿದು ಕಟ್ಟಬೇಡಿ. ಮನೆಗೆ ಬಂದು ಎರಡು ಮೂರು ವಾರದ ಮೇಲೂ ನಂಜಾಗಬಹುದು. ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಮುಟ್ಟು ಹೋದಂತೆ ಹೋಗುವ ರಕ್ತ ಕೆಟ್ಟ ವಾಸನೆ ಬಂದರೆ, ಜ್ವರ 100.4 ದಾಟಿದರೆ, ಅರಿಶಿನ ಹಚ್ಚಿ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.