ಕಾಲು ಮುಂದಾಗಿ ಹುಟ್ಟಿದವರಿಗೆ ಸೀಟು ಗ್ಯಾರಂಟಿ

ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಎತ್ತೋಕೆ ಹೋಗಿ ನನ್ನ ಸೊಂಟ ಹಿಡ್ಕೊಂಡ್ತು. ಬಗ್ಗಿದೋನು ಬಗ್ಗಿದಂಗೇ ಬಾಗಿಲವರೆಗೂ ಹೋದ್ರೆ ಎದುರು ಮನೆಯವರು ಏನ್ ಸಾರ್ ಕಳ್ಕೊಂಡ್ರಿ ಅಂತ ತಾವೂ ಬಗ್ಗಿ ನೆಲ ನೋಡೋಕೆ ಶುರು ಮಾಡಿದ್ರು. ಊರಲ್ಲಾಗಿದ್ರೆ ಇದು ಐದು ನಿಮಿಷದ ಕೆಲಸ. ಕಾಲು ಮುಂದಾಗಿ ಹುಟ್ಟಿದವರು ಯಾರಿದಾರೆ ಅಂತ ವಿಚಾರಿಸೋದು, ಅವರ ಮನೆಗೆ ಹೋಗಿ ಗೋಡೆ ಹಿಡ್ಕೊಂಡು ನಿಲ್ಲೋದು, ಅವರು ಕಾಲಲ್ಲಿ ಸೊಂಟಕ್ಕೆ ಮೆತ್ತಗೆ ಒದ್ದು, ಆಮೇಲೆ ಹರಳೆಣ್ಣೆ ಹಚ್ಚಿ ನೀವ್ತಾರೆ, ಕಾಫಿ ಕುಡ್ಕೊಂಡು ನೆಟ್ಟಗೆ ನಡ್ಕೊಂಡು ಬರೋದು.

ಇದ್ರಿಂದ ಉಳುಕು ಹೋಗುತ್ತೋ ಇಲ್ವೋ ಅಂತ ನಾನು ಡಾಕ್ಟ್ರುಗಳ ಜೊತೆ ವಾದಕ್ಕೆ ನಿಲ್ಲಲ್ಲ. ಆದ್ರೆ ಈ ಒದೆಯೋ ಕಸುಬಿಗೆ ಅಡ್ಮಿಶನ್ ಎಷ್ಟು ಕ್ಲೀನ್ ನೋಡಿ ಸ್ವಾಮಿ. ಅರ್ಹತೆ ಒಂದೇ, ಹುಟ್ಟುವಾಗ ತಲೆ ಬದಲು ಕಾಲು ಮುಂದೆ ಬಂದಿರ್ಬೇಕು ಅಷ್ಟೇ. ಅರ್ಜಿ ಇಲ್ಲ, ಕೌನ್ಸೆಲಿಂಗ್ ಇಲ್ಲ, ಪೇಪರ್ ಲೀಕ್ ಆಗೋ ಮಾತೇ ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಅಂತೂ ಸೂಲಗಿತ್ತಿ ಹತ್ರ ನಡಿಯೋದೇ ಇಲ್ಲ. ಹೆದ್ರಿಕೆ ಏನಂದ್ರೆ ಈಗೆಲ್ಲಾ ಸಿಸೇರಿಯನ್ನು, ಯಾರ ಕಾಲು ಮುಂದೆ ಯಾರ ತಲೆ ಮುಂದೆ ಗೊತ್ತಾಗಲ್ಲ, ಇನ್ನೊಂದು ತಲೆಮಾರಿಗೆ ಸೀಟೆಲ್ಲಾ ಖಾಲಿ.

ಈ ವಿಷ್ಯ ಯಾಕೆ ತಲೆಗೆ ಬಂತು ಅಂದ್ರೆ ನಮ್ಮ ಬೀದೀಲಿ ಒಬ್ಬ ಹುಡುಗ ಇದಾನೆ, ಮೈಸೂರು ಕಡೆಯೋನು, ಗರಡಿ ಮನೇಲಿ ಮಣ್ಣು ಮೆತ್ಕೊಂಡು ಬೆಳೆದೋನು. ಅಲ್ಲಿ ಜೋಡಿ ಮುಗಿದ ಮೇಲೆ ದೊಡ್ಡ ಪೈಲ್ವಾನ್ರಿಗೆ ಚಿಕ್ಕೋರು ಮಾಲೀಶು ಮಾಡ್ಬೇಕು, ನೂರು ಕೆಜಿ ದೇಹದ ತೊಡೆ ನೀವಿ ನೀವಿ ಇವನ ಹೆಬ್ಬೆಟ್ಟು ಒನಕೆ ಆಗಿದೆ. ನನ್ನ ಸೊಂಟ ಬಿಡಿಸಿದ್ದೂ ಅವನೇ. ಇಷ್ಟು ಕೈಗುಣ ಇದ್ಯಲ್ಲೋ, ಮಸಾಜ್ ಥೆರಪಿಸ್ಟ್ ಕೋರ್ಸ್ ಸೇರ್ಕೋ ಅಂತ ನಾನೇ ಕಳ್ಸಿದೆ, ತಪ್ಪು ನಂದೇ. ಸಂಜೆ ಒಂದು ಲಿಸ್ಟ್ ಹಿಡ್ಕೊಂಡು ಬಂದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಟಿಸಿ, ಆಧಾರ್, ಮೆಡಿಕಲ್ ಫಿಟ್ನೆಸ್ಸು, ಪೊಲೀಸ್ ವೆರಿಫಿಕೇಶನ್ನು, ನಗುಮುಖ, ಇಂಗ್ಲಿಷಲ್ಲಿ ಕಮ್ಯುನಿಕೇಶನ್ ಸ್ಕಿಲ್ಲು, ಆರು ಪಾಸ್‌ಪೋರ್ಟ್ ಸೈಜ್ ಫೋಟೋ. ಆರರಲ್ಲೂ ಮುಖವೇ ಬೇಕಂತೆ. ನಾನು ಕೇಳ್ದೆ, ಅಲ್ಲಪ್ಪ ಮಸಾಜ್ ಮಾಡೋದು ಮುಖದಲ್ಲಾ, ಒಂದಾದ್ರೂ ಕೈ ಫೋಟೋ ಕೇಳಲಿಲ್ವಾ ಅಂತ. ಇಲ್ಲ ಅಂಕಲ್, ಕೈ ನೋಡ್ಲೇ ಇಲ್ಲ, ಫೀಸು ಕೊಡುವಾಗ ನೋಡಿದ್ರು ಅಂದ.

ಇದು ನಮ್ಮ ಏರಿಯಾದ ಕಥೆ ಅಂತ ಬೇಜಾರು ಮಾಡ್ಕೋಬೇಡಿ, ರಾಜಧಾನಿ ಇನ್ನೂ ಮುಂದಿದೆ. 2021ರ ಆಗಸ್ಟಲ್ಲಿ ದಿಲ್ಲಿ ಸರ್ಕಾರ ಸ್ಪಾಗಳಿಗೆ, ಮಸಾಜ್ ಸೆಂಟರ್‌ಗಳಿಗೆ ಒಂದು ಮಾರ್ಗಸೂಚಿ ತಂತು. ಕೆಲಸಕ್ಕೆ ಇರೋರು ಫಿಸಿಯೋಥೆರಪಿ, ಆಕ್ಯುಪ್ರೆಶರ್ ಇಲ್ಲಾ ಆಕ್ಯುಪೇಶನಲ್ ಥೆರಪೀಲಿ ಡಿಗ್ರಿ, ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ತಗೊಂಡಿರ್ಬೇಕು. ಇನ್ನೊಂದ್ಸಲ ಓದಿ. ಮಸಾಜ್ ಮಾಡೋಕೆ ಮಸಾಜ್ ಒಂದನ್ನ ಬಿಟ್ಟು ಬೇರೆ ಮೂರರಲ್ಲಿ ಯಾವ್ದಾದ್ರೂ ಕಲ್ತಿರ್ಬೇಕು. ಆಕ್ಯುಪೇಶನಲ್ ಥೆರಪಿ ಅಂದ್ರೆ ಸ್ಟ್ರೋಕ್ ಹೊಡೆದು ಕೈ ಸ್ವಾಧೀನ ಹೋದೋರಿಗೆ ಮತ್ತೆ ಅಂಗಿ ಗುಂಡಿ ಹಾಕೋದು, ಚಮಚ ಹಿಡಿಯೋದು ಕಲ್ಸೋ ದೊಡ್ಡ ವಿದ್ಯೆ. ಸ್ಪಾಗೆ ಬರೋ ಗಿರಾಕಿಗೆ ಗುಂಡಿ ಹಾಕೋ ಸಮಸ್ಯೆ ಇಲ್ಲ, ಬಿಚ್ಚೋದ್ರ ಬಗ್ಗೇನೇ ಸರ್ಕಾರಕ್ಕೆ ಯೋಚನೆ. ಅದಕ್ಕೇ ಉಳಿದ ರೂಲ್ಸೆಲ್ಲಾ ಬಾಗಿಲ ಮೇಲೆ. ರೂಮಿಗೆ ಚಿಲಕ ಇರಬಾರ್ದು, ಬಾಗಿಲು ತಾನಾಗೇ ಮುಚ್ಕೋಬೇಕು, ಗಂಡಸರ ಸೆಕ್ಷನ್ನು ಹೆಂಗಸರ ಸೆಕ್ಷನ್ನು ಬೇರೆ ಬೇರೆ, ಗಂಡಸ್ರಿಗೆ ಗಂಡಸ್ರೇ ಹೆಂಗಸ್ರಿಗೆ ಹೆಂಗಸ್ರೇ ಮಾಡ್ಬೇಕು. ಈ ಕೊನೇದಕ್ಕೆ ಅದೇ ವರ್ಷ ಡಿಸೆಂಬರಲ್ಲಿ ದಿಲ್ಲಿ ಹೈಕೋರ್ಟ್ ತಡೆ ಕೊಡ್ತು. ಮಸಾಜ್ ಬೋರ್ಡು ಹಾಕಿ ಒಳಗೆ ಬೇರೆ ದಂಧೆ ಮಾಡೋರು ಇಲ್ಲ ಅಂತಲ್ಲ, ಇದಾರೆ, ಅವ್ರನ್ನ ಹಿಡಿಯೋದು ಪೊಲೀಸ್ರ ಕೆಲಸ. ಆ ಕೆಲಸಾನ ಚಿಲಕಕ್ಕೂ ಡಿಪ್ಲೊಮಾಗೂ ವಹಿಸಿದ್ರೆ ಹೆಂಗೆ?

ರೈಲ್ವೆಯವರದ್ದು ಇನ್ನೊಂದು. 2019ರ ಜೂನಲ್ಲಿ ಪಶ್ಚಿಮ ರೈಲ್ವೆಯ ರತ್ಲಾಂ ವಿಭಾಗದವರು ಇಂದೋರ್‌ನಿಂದ ಹೊರಡೋ 39 ರೈಲುಗಳಲ್ಲಿ ಓಡೋ ಗಾಡೀಲೇ ತಲೆ, ಪಾದ ಮಸಾಜ್ ಮಾಡಿಸ್ತೀವಿ ಅಂದ್ರು. ಗೋಲ್ಡ್ 100 ರೂಪಾಯಿ, ಡೈಮಂಡ್ 200, ಪ್ಲಾಟಿನಂ 300, ಒಡವೆ ಅಂಗಡಿ ಥರ. ಅಲ್ಲಿನ ಎಂಪಿ, ಮಾಜಿ ಎಂಪಿ ಇಬ್ರೂ ಎದ್ರು, ಹೆಂಗಸರ ಮುಂದೆ ಇದೆಲ್ಲಾ ಸರೀನಾ ಅಂತ. ಶುರು ಆಗೋ ಮುಂಚೇನೇ ವಾಪಸ್. ನಮ್ಮ ದೇಶದಲ್ಲಿ ಮೇಲಿನ ಬರ್ತ್‌ನೋನು ಕೆಳಗಿನೋರ ಮೂಗಿನ ಮೇಲೆ ಪಾದ ಇಳಿ ಬಿಟ್ಕೊಂಡು ರಾತ್ರಿ ಪೂರ್ತಿ ಬರಬಹುದು, ಸಂಸ್ಕೃತಿಗೆ ಏನೂ ಆಗಲ್ಲ, ಆ ಪಾದಕ್ಕೆ ಯಾರಾದ್ರೂ ಎಣ್ಣೆ ಹಚ್ಚಿದ್ರೆ ಮಾತ್ರ ಕೆಡುತ್ತೆ. ಆ ಗಲಾಟೇಲೂ, ತಾಸಿಗೆ ನೂರು ಕಿಲೋಮೀಟರ್ ಓಡೋ ಬೋಗೀಲಿ ಕತ್ತು ತಿರುಗಿಸೋನು ಏನು ಕಲ್ತಿರ್ತಾನೆ ಅನ್ನೋದು ದೊಡ್ಡ ಪ್ರಶ್ನೆ ಆಗ್ಲೇ ಇಲ್ಲ. ನಾನಂತೂ ಅದನ್ನೇ ಮೊದ್ಲು ಕೇಳ್ತಿದ್ದೆ, ಕತ್ತು ನಂದಲ್ವಾ.

ಇನ್ನು ಇದೇ ದೇಶದಲ್ಲಿ 2023ರ ಸೆಪ್ಟೆಂಬರಲ್ಲಿ, ಡಾಕ್ಟ್ರುಗಳು ಸ್ಪೆಷಲಿಸ್ಟ್ ಆಗೋಕೆ ಬರೆಯೋ ನೀಟ್ ಪಿಜಿ ಪರೀಕ್ಷೆ ಕಟಾಫ್ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದ್ದು ನೆನಪಿದೆಯಲ್ಲ, ಎಲ್ಲಾ ಕೆಟಗರಿಗೂ ಸೊನ್ನೆ, ಸೀಟು ಖಾಲಿ ಉಳೀಬಾರ್ದು ಅಂತ. ಅವ್ರೆಲ್ಲಾ ಎಂಬಿಬಿಎಸ್ ಮುಗಿಸಿದೋರೇ ಅನ್ನೋದು ನಿಜ, ಅದನ್ನ ಮುಚ್ಚಿಡಲ್ಲ. ಆದ್ರೂ ಹೊಟ್ಟೆ ಕೊಯ್ಯೋದು ಕಲಿಯೋಕೆ ಸೊನ್ನೆ ಸಾಕು, ಬೆನ್ನು ತಿಕ್ಕೋದು ಕಲಿಯೋಕೆ ನಗುಮುಖಾನೂ ಇಂಗ್ಲಿಷೂ ಬೇಕು ಅಂದ್ರೆ ನಮ್ಮ ಹುಡುಗ ನನ್ನ ಮುಖಾನೇ ನೋಡ್ತಾನೆ.

ಅಮೆರಿಕಾದಲ್ಲಿ ಸರಿ ಇರುತ್ತೆ ಅಂತ ನಂಗೊಂದು ಭ್ರಮೆ ಇತ್ತು, ನ್ಯೂಜೆರ್ಸೀಲಿರೋ ನಮ್ಮ ದೊಡ್ಡಮ್ಮನ ಮಗ ಅದನ್ನೂ ತೆಗೆದ. ಅಲ್ಲಿ ಮಸಾಜ್ ಲೈಸೆನ್ಸಿಗೆ 500 ಗಂಟೆ ಕ್ಲಾಸು. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದ್ರೆ 1000 ಗಂಟೆ. ಬೆನ್ನು ಅದೇ, ನದಿ ಆಚೆ ಹೋದ ತಕ್ಷಣ ಡಬಲ್ ಗಟ್ಟಿ ಆಗಿರುತ್ತೆ. ವ್ಯೋಮಿಂಗ್‌ನಲ್ಲಿ ರಾಜ್ಯದ ಲೈಸೆನ್ಸೇ ಬೇಡ, ಅಲ್ಲಿ ಬೆನ್ನುಗಳು ದೇವರ ಮೇಲೆ ಭಾರ. ಆಂಬುಲೆನ್ಸಲ್ಲಿ ಬಂದು ನಿಂತೋದ ಎದೆ ಒತ್ತೋ ಇಎಂಟಿಯ ಬೇಸಿಕ್ ಕೋರ್ಸು ಸಾಮಾನ್ಯವಾಗಿ 200 ಗಂಟೆ ಒಳಗೇ ಮುಗಿಯುತ್ತಂತೆ. ಅಂದ್ರೆ ಎದೆ ಬೇಗ ಕಲೀಬಹುದು, ಭುಜಕ್ಕೆ ತುಂಬಾ ಓದ್ಬೇಕು. ಇನ್ನೊಂದು, ನ್ಯೂಯಾರ್ಕ್ ರೂಲ್ಸಲ್ಲಿ ಅಭ್ಯರ್ಥಿಗೆ ಸನ್ನಡತೆ ಇರ್ಬೇಕು ಅಂತ ಬರೆದೇ ಇದೆ. ಅದನ್ನ ಅಳೆಯೋ ಟೇಪು ಸಿಕ್ರೆ ಒಂದು ನಮ್ಮ ವಿಧಾನಸೌಧಕ್ಕೂ ಕಳ್ಸಪ್ಪ ಅಂದೆ.

ಸರಿ, ನಮ್ಮ ಓಣಿಯ ಅಜ್ಜಿ ಕಥೆ ಹೇಳ್ದೆ ಮುಗಿಸೋಕಾಗಲ್ಲ. ಬಾಣಂತಿ ಮನೆಗೆ ಹೋಗಿ ಮಗುಗೆ ಎಣ್ಣೆ ಹಚ್ಚಿ ಎರೆಯೋದು ಅವರ ಕಸುಬು, ಕಾಲು ಚಾಚಿ ಮಣೆ ಮೇಲೆ ಕೂತು ಮೊಣಕಾಲ ಮೇಲೆ ಮಗು ಬೋರಲಾಗಿ ಹಾಕ್ಕೊಂಡು ನೀವಿದ್ರೆ ಅಳೋ ಮಗು ಅಲ್ಲೇ ನಿದ್ದೆ. ಈ ಏರಿಯಾದ ಅರ್ಧ ಸಾಫ್ಟ್‌ವೇರ್ ಇಂಜಿನಿಯರ್‌ಗಳ ಮೂಗು ತಿದ್ದಿದ್ದು ತಾನೇ ಅಂತ ಅಜ್ಜಿ ಹೇಳ್ಕೊಳ್ತಾರೆ, ಕೆಲವು ಮೂಗು ನೋಡಿದ್ರೆ ಅವತ್ತು ಅಜ್ಜಿ ರಜಾ ಹಾಕಿದ್ರು ಅನ್ಸುತ್ತೆ, ಇರಲಿ. ಈಗಿನ ಅಪಾರ್ಟ್‌ಮೆಂಟ್‌ನೋರು ಸರ್ಟಿಫಿಕೇಟ್ ಇದ್ಯಾ ಅಂತ ಗೇಟಲ್ಲೇ ಕೇಳ್ತಾರಂತೆ. 2015ರಲ್ಲಿ ಶುರುವಾದ ಕೌಶಲ ವಿಕಾಸ ಯೋಜನೇಲಿ, ಮೊದ್ಲೇ ಕೆಲಸ ಗೊತ್ತಿರೋರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಒಂದು ದಾರಿ ಇದೆ, ಆರ್‌ಪಿಎಲ್ ಅಂತ. ಕಲ್ಪನೆ ಬಹಳ ಒಳ್ಳೇದು, ವ್ಯಂಗ್ಯ ಮಾಡ್ತಿಲ್ಲ. ನಾನೂ ಆ ಹುಡುಗಾನೂ ಅಜ್ಜೀನ ಆಟೋದಲ್ಲಿ ಕೂರಿಸ್ಕೊಂಡು ಒಂದು ಸೆಂಟರಿಗೆ ಹೋದ್ವಿ.

ಕಂಪ್ಯೂಟರ್ ಮುಂದಿದ್ದ ಹುಡುಗ ಮರ್ಯಾದೆಯಿಂದ್ಲೇ ಮಾತಾಡ್ದ, ಹೆಬ್ಬೆಟ್ಟು ಇಡಿ ಅಜ್ಜಿ ಅಂದ. ಅಜ್ಜಿ ಇಟ್ರು, ಮಿಶಿನ್ ಕೆಂಪು ಲೈಟ್ ಹಾಕ್ತು. ಸೆರಗಲ್ಲಿ ಒರೆಸ್ಕೊಂಡು ಇಟ್ರು, ಕೆಂಪು. ಎಡಗೈ, ಕೆಂಪು. ಹತ್ತೂ ಬೆರಳು ಆಯ್ತು. ನಲವತ್ತು ವರ್ಷ ಮಕ್ಕಳ ಬೆನ್ನು ತಿಕ್ಕಿ ತಿಕ್ಕಿ ಬೆರಳಲ್ಲಿದ್ದ ಗೆರೆ ಎಲ್ಲಾ ಸವೆದು ನುಣ್ಣಗೆ ಗಾಜಿನ ಥರ ಆಗಿತ್ತು. ಕಂಪ್ಯೂಟರ್ ಹುಡುಗ ತಲೆ ಕೆರ್ಕೊಂಡು, ಕೈ ಮ್ಯಾಚ್ ಆಗ್ತಿಲ್ಲ ಅಜ್ಜಿ, ಏನ್ ಮಾಡೋದು ಅಂದ.

ಅಜ್ಜಿ ಒಂದು ನಿಮಿಷ ಯೋಚ್ನೆ ಮಾಡಿ ಚಪ್ಪಲಿ ಬಿಚ್ಚಿದ್ರು. "ಕಾಲಿಂದು ಇಡ್ಲಾ ಮಗಾ? ನಾನು ಹುಟ್ಟಿದ್ದೂ ಅದೇ ಮುಂದಾಗಿ."